ಎರಡು ಪುಟ ಓದುಗರಿಗೆ ಬಿಡಿ: ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರಿಗೆ,

ನಮಸ್ಕಾರ.

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಿಡುವು ಸಿಕ್ಕಾಗ ವೈಜ್ಞಾನಿಕ ಕಥೆ, ಅಂದರೆ ಸೈನ್ಸ್ ಫಿಕ್ಷನ್, ಬರೆಯುತ್ತೇನೆ. ಈ ಪತ್ರ ನಿಮ್ಮಲ್ಲಿ ಯಾರೋ ಒಬ್ಬರ ಮೇಲಿನ ದೂರಲ್ಲ. ವಾರಕ್ಕೋ ತಿಂಗಳಿಗೋ ಕನ್ನಡದಲ್ಲಿ ಕಥೆ ಅಚ್ಚು ಹಾಕುವ ಎಲ್ಲರ ಹತ್ತಿರವೂ ಈ ಮಾತು ಆಡಬೇಕು ಅನ್ನಿಸಿತು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ಜೂನ್‌ನಲ್ಲಿ ಒಂದು ದಿನ ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ನಾನು ಓದಲು ಕೊಟ್ಟಿದ್ದ ಹಳೆಯ ಮಾಸಪತ್ರಿಕೆಯನ್ನು ವಾಪಸ್ ತಂದಿದ್ದ. ಅದರಲ್ಲಿ ಒಂದು ವೈಜ್ಞಾನಿಕ ಕಥೆ ಇತ್ತು. ಆ ಪುಟದ ಮೂಲೆ ಮಡಚಿ, ಆಮೇಲೆ ಬಿಡಿಸಿ, ಉಗುರಿನಿಂದ ಉಜ್ಜಿ ಸರಿ ಮಾಡಿದ ಗುರುತು ಕಾಣುತ್ತಿತ್ತು. "ಚೆನ್ನಾಗಿದೆ ಮಿಸ್" ಅಂದ. ಹೊರಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಇಂಥದ್ದೆಲ್ಲ ಓದೋರು ಬೇರೆ ಯಾರಾದ್ರೂ ಇದಾರಾ ಮಿಸ್?" ಅಂತ ಕೇಳಿದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇರಲೇಬೇಕು, ಅಲ್ವಾ? ಆದರೆ ಅವನಿಗೆ ಹೇಳಲು ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಅವನು ಸಕಲೇಶಪುರದ ಕಡೆಯವನು. ಅವನಂಥವನು ವಿಜಯಪುರ ಕಡೆಯ ಇಂಡಿಯಲ್ಲಿ ಒಬ್ಬ ಇರಬಹುದು, ಹೊನ್ನಾವರದಲ್ಲಿ ಒಬ್ಬಳು ಇರಬಹುದು. ಒಂದೇ ಕಥೆಯನ್ನು ಒಂದೇ ವಾರ ಓದಿ, ಮೂವರೂ ಪತ್ರಿಕೆ ಮಡಚಿಟ್ಟು ಸುಮ್ಮನೆ ಕೂತಿರಬಹುದು. ಒಬ್ಬರಿಗೊಬ್ಬರು ಸಿಗುವ ದಾರಿ ಎಲ್ಲಿದೆ?

ಇದೇ ಪ್ರಶ್ನೆಗೆ ಸುಮಾರು ನೂರು ವರ್ಷದ ಹಿಂದೆ ಒಂದು ಪತ್ರಿಕೆ ಉತ್ತರ ಕೊಟ್ಟಿತ್ತು. ಅದರ ಕಥೆ ಹೇಳುತ್ತೇನೆ, ದಯವಿಟ್ಟು ಕೇಳಿ.

1926ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ 'ಅಮೇಜಿಂಗ್ ಸ್ಟೋರೀಸ್' ಶುರುವಾಯಿತು. ಇಂಗ್ಲಿಷಿನಲ್ಲಿ ವೈಜ್ಞಾನಿಕ ಕಥೆಗೇ ಮೀಸಲಾದ ಮೊದಲ ಪತ್ರಿಕೆ ಅದು. ಬೆಲೆ 25 ಸೆಂಟ್. ಅಗ್ಗದ ಒರಟು ಕಾಗದ, ಕಣ್ಣು ಕೋರೈಸುವ ಬಣ್ಣದ ಮುಖಪುಟ. ನಡೆಸುತ್ತಿದ್ದವರು ಹ್ಯೂಗೋ ಗರ್ನ್ಸ್‌ಬ್ಯಾಕ್. ಲಕ್ಸೆಂಬರ್ಗಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಬಂದವರು. ರೇಡಿಯೋ ಸಾಮಾನು ಮಾರಿ, ರೇಡಿಯೋ ಪತ್ರಿಕೆ ನಡೆಸಿ ಈ ಕೆಲಸಕ್ಕೆ ಕೈ ಹಾಕಿದವರು. ಮೊದಲ ಸಂಚಿಕೆಯಲ್ಲಿ ಇದ್ದದ್ದೆಲ್ಲ ಮರುಮುದ್ರಣ. ವರ್ನ್, ವೆಲ್ಸ್, ಪೋ ಮುಂತಾದ ಹಿಂದಿನ ಲೇಖಕರದು. ಆಗಲೇ ಬೇರೆಲ್ಲೋ ಬಂದು ಹೋಗಿದ್ದ ಕಥೆಗಳು.

ಅಂದರೆ ಕಥೆ ಹಳೆಯದೇ. ಹೊಸದು ಇದ್ದದ್ದು ಹಿಂದಿನ ಪುಟಗಳಲ್ಲಿ. ಕೆಲವೇ ತಿಂಗಳಲ್ಲಿ ಅಲ್ಲಿ 'ಡಿಸ್ಕಷನ್ಸ್' ಅಂತ ಓದುಗರ ಪತ್ರಗಳಿಗೆ ಜಾಗ ಕೊಟ್ಟರು. ಎರಡು ಸಾಲಿನ ಮೆಚ್ಚುಗೆಗೆ ಅಲ್ಲ. ಉದ್ದುದ್ದ ಪತ್ರಗಳಿಗೆ. ಈ ಕಥೆಯಲ್ಲಿ ರಾಕೆಟ್ಟಿನ ವೇಗದ ಲೆಕ್ಕ ತಪ್ಪಿದೆ, ಆ ಕಥೆಯಲ್ಲಿ ಗುರುತ್ವದ ವಿವರಣೆ ಸರಿಯಿಲ್ಲ ಎಂದು ಓದುಗರು ಬರೆಯುವರು. ಸಂಪಾದಕರು ಕೆಳಗೆ ಉತ್ತರ ಕೊಡುವರು. ಮುಂದಿನ ತಿಂಗಳು ಇನ್ನೊಬ್ಬ ಓದುಗ ಇಬ್ಬರನ್ನೂ ತಿದ್ದುವನು. ಇದರ ಜೊತೆ ಗರ್ನ್ಸ್‌ಬ್ಯಾಕ್ ಒಂದು ಸಣ್ಣ ಕೆಲಸ ಮಾಡಿದರು. ಪತ್ರದ ಕೆಳಗೆ ಬರೆದವರ ಪೂರ್ತಿ ವಿಳಾಸ ಹಾಕಿದರು. ಮನೆ ನಂಬರು, ಬೀದಿ, ಊರು, ರಾಜ್ಯ.

ಅಷ್ಟೇ. ಒಂದು ಸಾಲು ವಿಳಾಸ. ನಾನು ಆ ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನು ನೋಡುವಾಗ ಕಥೆಗಿಂತ ಜಾಸ್ತಿ ಹೊತ್ತು ಈ ವಿಳಾಸಗಳನ್ನೇ ಓದಿದ್ದೇನೆ. ಒಂದೊಂದು ವಿಳಾಸದ ಹಿಂದೆಯೂ ತಾನೊಬ್ಬನೇ ಅಂದುಕೊಂಡಿದ್ದ ಒಬ್ಬ ಹುಡುಗನೋ ಹುಡುಗಿಯೋ ಇದ್ದಿರಬೇಕು.

ವಿಳಾಸ ಸಿಕ್ಕಿದ್ದೇ ತಡ, ಓದುಗರು ಪತ್ರಿಕೆಯನ್ನು ಬಿಟ್ಟು ನೇರ ಒಬ್ಬರಿಗೊಬ್ಬರು ಬರೆಯತೊಡಗಿದರು. ಪತ್ರಗಳು ಕೂಟಗಳಾದವು. 1930ರ ಮೇ ತಿಂಗಳಲ್ಲಿ ಅಂಥದೊಂದು ಪತ್ರಮಿತ್ರರ ಕೂಟ 'ದಿ ಕಾಮೆಟ್' ಅಂತ ತನ್ನದೇ ಸಣ್ಣ ಪತ್ರಿಕೆ ಹೊರತಂದಿತು. ಅಭಿಮಾನಿಗಳೇ ಬರೆದು, ಅಭಿಮಾನಿಗಳೇ ಪ್ರತಿ ತೆಗೆದು, ಅಂಚೆಗೆ ಹಾಕಿದ ಪತ್ರಿಕೆ. ಅದನ್ನು ನೋಡಿ ಇನ್ನಷ್ಟು ಬಂದವು. ಕ್ಲೀವ್‌ಲ್ಯಾಂಡ್ ಊರಿನ ಹೈಸ್ಕೂಲ್ ಹುಡುಗ ಜೆರ್ರಿ ಸೀಗಲ್ ಕೂಡ ಹೀಗೇ ಒಂದು ಪತ್ರಿಕೆ ಮಾಡಿದ. ಅದಕ್ಕೆ ಚಿತ್ರ ಬರೆದವನು ಅದೇ ಶಾಲೆಯ ಗೆಳೆಯ ಜೋ ಶುಸ್ಟರ್. ಸೂಪರ್‌ಮ್ಯಾನ್ ಎಂಬ ಹೆಸರನ್ನು ಅವರು ಮೊದಲು ಬಳಸಿದ್ದು ಆ ಕೈಪತ್ರಿಕೆಯ 1933ರ ಸಂಚಿಕೆಯಲ್ಲಿ. ಐದು ವರ್ಷದ ಮೇಲೆ ಆ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು.

1934ರಲ್ಲಿ ಗರ್ನ್ಸ್‌ಬ್ಯಾಕ್ ತಮ್ಮ ಇನ್ನೊಂದು ಪತ್ರಿಕೆಯ ಮೂಲಕ ಓದುಗರ ಒಂದು ಸಂಘ ಕಟ್ಟಿದರು. ಊರೂರಲ್ಲಿ ಶಾಖೆ ತೆರೆಯಬಹುದಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲೂ ಒಂದು ಶಾಖೆ ಆಯಿತು. ಆ ಊರಿನ ಥಿಯೊಸಾಫಿಕಲ್ ಸಭಾಂಗಣದಲ್ಲಿ 1937ರ ಜನವರಿಯಲ್ಲಿ ಕೆಲವೇ ಕೆಲವು ಜನ ಸೇರಿ ಒಂದು ಸಮಾವೇಶ ಮಾಡಿದರು. ಬಂದವರಲ್ಲಿ ಮುಂದೆ ದೊಡ್ಡ ಕಥೆಗಾರರಾದ 19 ವರ್ಷದ ಆರ್ಥರ್ ಸಿ. ಕ್ಲಾರ್ಕ್ ಇದ್ದರು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮಾವೇಶ ಆದಾಗ ಬಂದವರು ಸುಮಾರು 200 ಮಂದಿ. ಮುಂದೆ ಅಷ್ಟೇ ಪ್ರಸಿದ್ಧ ಕಥೆಗಾರರಾದ ರೇ ಬ್ರಾಡ್‌ಬರಿ ಗೆಳೆಯನಿಂದ ಸಾಲ ಪಡೆದು ಲಾಸ್ ಏಂಜಲೀಸಿನಿಂದ ಬಸ್ಸಿನಲ್ಲಿ ಬಂದಿದ್ದರು. ಆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ.

ಕಥೆ ಚೆನ್ನಾಗಿದ್ದರೆ ಓದುಗರು ತಾವೇ ಸೇರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಆ ಕಾಲದ ಎಷ್ಟೋ ಕಥೆಗಳು ಸಾಧಾರಣ. ಜನರನ್ನು ಸೇರಿಸಿದ್ದು ಕಥೆಯ ಸುತ್ತ ಬಿಟ್ಟ ಜಾಗ.

ಇನ್ನೊಬ್ಬ ಹುಡುಗನ ವಿಷಯ ಹೇಳಬೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ನಿಮ್ಮನ್ನು ಕೇಳಬೇಕಾದ್ದು ಇದರಲ್ಲೇ ಇದೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮಿಠಾಯಿ ಅಂಗಡಿ. ನಡೆಸುವವರು ರಷ್ಯಾದಿಂದ ಬಂದು ನೆಲೆಸಿದ ಕುಟುಂಬ. ಅಂಗಡಿಯಲ್ಲಿ ಪತ್ರಿಕೆಗಳನ್ನೂ ಮಾರುತ್ತಿದ್ದರು. ಮಗನಿಗೆ ಅವನ್ನು ಓದುವ ಹುಚ್ಚು. ಇದೆಲ್ಲ ಬೇಡದ ಓದು ಅಂತ ಅಪ್ಪ ತಡೆದಾಗ, ಮುಖಪುಟದ ಮೇಲಿದ್ದ 'ಸೈನ್ಸ್' ಎಂಬ ಮಾತನ್ನು ತೋರಿಸಿ ಒಪ್ಪಿಗೆ ಪಡೆದಿದ್ದ. ಓದಿ ಮುಗಿಸಿದ ಪತ್ರಿಕೆಯನ್ನು ಹೊಸದರಂತೆ ಮತ್ತೆ ಮಾರಾಟಕ್ಕೆ ಇಡಬೇಕಿತ್ತು. ಹೆಸರು ಐಸಾಕ್ ಅಸಿಮೊವ್, ಮುಂದೆ ಬಹಳ ಪ್ರಸಿದ್ಧ ವೈಜ್ಞಾನಿಕ ಕಥೆಗಾರನಾದವನು. 1938ರ ಮೇ ತಿಂಗಳಲ್ಲಿ ಅವನು ಕಾಯುತ್ತಿದ್ದ 'ಅಸ್ಟೌಂಡಿಂಗ್' ಪತ್ರಿಕೆ ಎಂದಿನ ದಿನ ಬರಲಿಲ್ಲ. ನಿಂತೇ ಹೋಯಿತೇನೋ ಅಂತ ಗಾಬರಿಯಾಗಿ ಸಬ್‌ವೇ ರೈಲು ಹತ್ತಿ ಪತ್ರಿಕೆಯ ಆಫೀಸಿಗೇ ಹೋದ. ನಿಂತಿಲ್ಲ, ಬರುವ ದಿನ ಬದಲಾಗಿದೆ ಅಷ್ಟೇ ಎಂದು ಅಲ್ಲಿದ್ದವರು ಹೇಳಿ ಕಳಿಸಿದರು.

ಆ ಗಾಬರಿ ಅವನನ್ನು ಬರೆಯಲು ಕೂರಿಸಿತು. ಅರ್ಧಕ್ಕೆ ಬಿಟ್ಟಿದ್ದ ಒಂದು ಕಥೆಯನ್ನು ಮುಗಿಸಿದ. ಅಂಚೆಗೆ ಹಾಕುವ ಬದಲು ಕೈಯಾರೆ ಕೊಟ್ಟು ಬಾ ಅಂತ ಅಪ್ಪ ಹೇಳಿದರು. ಜೂನ್ 21ರಂದು ಹೋದ. ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಒಳಗೆ ಕರೆದರು. ಅವರಿಗೂ ಆಗ 28 ವರ್ಷ. 18ರ ಹುಡುಗನ ಜೊತೆ ಒಂದು ಗಂಟೆಗೂ ಹೆಚ್ಚು ಕೂತು ಮಾತಾಡಿದರು. ಎರಡು ದಿನದಲ್ಲಿ ಕಥೆ ವಾಪಸ್ ಬಂತು. ಬೇಡ ಎಂದಿದ್ದರು. ಆದರೆ ಜೊತೆಗೆ ಎರಡು ಪುಟದ ಪತ್ರ ಇತ್ತು. ಕಥೆಯ ಶುರು ನಿಧಾನವಾಗಿದೆ, ಕೊನೆ ಸರಿಯಿಲ್ಲ ಎಂದು ಬಿಡಿಸಿ ಬರೆದಿದ್ದರು.

ಹುಡುಗ ಬೇಸರಪಟ್ಟುಕೊಳ್ಳಲಿಲ್ಲ. ಇನ್ನೊಂದು ಕಥೆ ಶುರು ಮಾಡಿದ. ಅದೂ ವಾಪಸ್ ಬಂತು. ಮತ್ತೊಂದು ಬರೆದ. ಅವನ ಮೊದಲ ಕಥೆ ಅಚ್ಚಾದದ್ದು 'ಅಮೇಜಿಂಗ್'ನ ಮುಂದಿನ ವರ್ಷದ ಮಾರ್ಚ್ ಸಂಚಿಕೆಯಲ್ಲಿ. ಕ್ಯಾಂಪ್‌ಬೆಲ್ ಪತ್ರಿಕೆಯಲ್ಲಿ ಬಂದದ್ದು ಆಮೇಲೆ.

ಸಂಪಾದಕರೇ, ನನ್ನ ಒಂದು ಅನುಭವ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಒಂದು ಊರು, ಅಲ್ಲಿ ಗಡಿಯಾರ ಮಾತ್ರ ನಿಧಾನ ಓಡುತ್ತದೆ ಎಂಬ ಕಥೆ. ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನಿಂದ ಎದ್ದು ನಿಲ್ಲುವುದನ್ನು ನೋಡಿ ಹೊಳೆದದ್ದು. ಹಾಳೆಯ ಒಂದೇ ಮಗ್ಗುಲಲ್ಲಿ, ಮಾರ್ಜಿನ್ ಬಿಟ್ಟು, 22 ಪುಟ. ಸ್ವವಿಳಾಸ ಬರೆದು ಸ್ಟಾಂಪ್ ಹಚ್ಚಿದ ಕವರನ್ನೂ ಒಳಗಿಟ್ಟಿದ್ದೆ. ಎಂಟು ತಿಂಗಳು ಕಾದು ಫೋನ್ ಮಾಡಿದೆ. "ಬಂದಿರಬಹುದು ಮೇಡಂ, ನೋಡ್ತೀವಿ" ಅಂದರು. ಆ ಕವರು ಇನ್ನೂ ಮನೆಗೆ ಬಂದಿಲ್ಲ.

ಕಥೆ ಬೇಡವಾಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಈಗ ಓದಿದರೆ ಅದರ ಕೊನೆ ನನಗೇ ಒಪ್ಪಿಗೆಯಾಗುವುದಿಲ್ಲ. ನೋವಾಗಿದ್ದು ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಾಗಲಿಲ್ಲವಲ್ಲ, ಅದಕ್ಕೆ. ಒಂದು ವಿಷಾದ ಪತ್ರ ಬಂದಿದ್ದರೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದೆ. ನನ್ನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಕೇಳಿದ್ದೂ ಇದನ್ನೇ. ಬೇರೆ ಯಾರಾದ್ರೂ ಇದಾರಾ?

ಆ ಹಳೆಯ ಪತ್ರಿಕೆಗಳಲ್ಲಿ ಎಲ್ಲವೂ ಒಳ್ಳೆಯದಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಗರ್ನ್ಸ್‌ಬ್ಯಾಕ್ ಲೇಖಕರಿಗೆ ದುಡ್ಡು ಕೊಡುವುದರಲ್ಲಿ ಬಹಳ ಕೆಟ್ಟ ಹೆಸರು ಪಡೆದವರು. 1939ರ ಆ ಮೊದಲ ವಿಶ್ವ ಸಮಾವೇಶದಲ್ಲೇ ಜಗಳವಾಗಿ, ಆರು ಜನ ಅಭಿಮಾನಿಗಳನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ಅಸಿಮೊವ್‌ಗೆ ಅಷ್ಟು ಹೊತ್ತು ಕೊಟ್ಟ ಅದೇ ಕ್ಯಾಂಪ್‌ಬೆಲ್, 1967ರಲ್ಲಿ ಕಪ್ಪು ಜನಾಂಗದ ಲೇಖಕ ಸ್ಯಾಮ್ಯುಯೆಲ್ ಡಿಲೇನಿಯವರ ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಲು ಒಪ್ಪಲಿಲ್ಲ. ಕಪ್ಪು ನಾಯಕನನ್ನು ತನ್ನ ಓದುಗರು ಒಪ್ಪಲಾರರು ಎಂದು ಕಾರಣ ಕೊಟ್ಟದ್ದಾಗಿ ಡಿಲೇನಿಯವರೇ ಬರೆದಿದ್ದಾರೆ. ಕ್ಯಾಂಪ್‌ಬೆಲ್ ಹೆಸರಿನಲ್ಲಿ ಹೊಸ ಲೇಖಕರಿಗೆ ಕೊಡುತ್ತಿದ್ದ ಪ್ರಶಸ್ತಿಯ ಹೆಸರು ಬದಲಾಗಿದ್ದು 2019ರಲ್ಲಿ, ಆ ಪ್ರಶಸ್ತಿ ಪಡೆದ ಜೆನೆಟ್ ಇಂಗ್ ವೇದಿಕೆಯ ಮೇಲೆ ನಿಂತು ನೇರವಾಗಿ ಮಾತಾಡಿದ ಮೇಲೆ.

ಬಾಗಿಲು ಇದ್ದಲ್ಲೆಲ್ಲ ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆಯೂ ಇರುತ್ತದೆ. 2016ರಲ್ಲಿ ಒಂದು ಎಣಿಕೆ ನಡೆಯಿತು. ಅದರ ಹಿಂದಿನ ವರ್ಷ ಇಂಗ್ಲಿಷಿನ 63 ಪತ್ರಿಕೆಗಳಲ್ಲಿ ಈ ಬಗೆಯ 2,039 ಹೊಸ ಕಥೆಗಳು ಬಂದಿದ್ದವು. ಕಪ್ಪು ಜನಾಂಗದವರು ಬರೆದದ್ದು 38. ಅದನ್ನು ನೋಡಿ ಬೇಸರಪಟ್ಟ ಕೆಲವರು ಸುಮ್ನೆ ಕೂರಲಿಲ್ಲ. 2017ರ ಜನವರಿಯಲ್ಲಿ 'ಫಾಯಾ' ಅಂತ ತಮ್ಮದೇ ತ್ರೈಮಾಸಿಕ ಶುರು ಮಾಡಿದರು. ಹೆಸರನ್ನು 1926ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಲೇಖಕರು ತಂದಿದ್ದ 'ಫೈರ್' ಎಂಬ ಪತ್ರಿಕೆಯ ನೆನಪಲ್ಲಿ ಇಟ್ಟರು. ನೋಡಿ, 'ಅಮೇಜಿಂಗ್' ಶುರುವಾದ ಅದೇ ವರ್ಷ, ಅದೇ ಊರು. 'ಫೈರ್' ಒಂದೇ ಸಂಚಿಕೆಗೆ ನಿಂತುಹೋಗಿತ್ತು. 'ಫಾಯಾ' ನಾಲ್ಕೇ ವರ್ಷದಲ್ಲಿ, 2021ರಲ್ಲಿ, ಆ ವಿಶ್ವ ಸಮಾವೇಶದಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ನೀವು ಓದುಗರಿಗೆ ಪುಟ ಬಿಟ್ಟರೆ ಅದು ಬೆಂಗಳೂರು, ಮೈಸೂರಿನ ನಾಲ್ಕು ಜನರ ಪುಟ ಆಗಬಾರದು. ಯಾದಗಿರಿಯ ಹುಡುಗಿ ತನ್ನ ಮನೆಮಾತಿನಲ್ಲೇ ಬರೆದರೆ ಅದನ್ನು ತಿದ್ದಿ ತೀಡದೆ ಹಾಗೇ ಹಾಕಿ.

"ಅದು ಇಂಗ್ಲಿಷಿನ ಕಥೆ, ಅವರಿಗೆ ಮಾರುಕಟ್ಟೆ ಇದೆ" ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಹಾಗಿದ್ದರೆ ಚೆಂಗ್ಡುವಿನ ಕಥೆ ಕೇಳಿ. ನನಗೆ ಇದು ಎಲ್ಲಕ್ಕಿಂತ ಇಷ್ಟ.

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದಲ್ಲಿ 1979ರಲ್ಲಿ ಒಂದು ಪತ್ರಿಕೆ ಹುಟ್ಟಿತು. ಇವತ್ತು ಅದರ ಹೆಸರು 'ಸೈನ್ಸ್ ಫಿಕ್ಷನ್ ವರ್ಲ್ಡ್'. 1983ರ ಹೊತ್ತಿಗೆ ಅಲ್ಲಿನ ಸರ್ಕಾರಕ್ಕೆ ವೈಜ್ಞಾನಿಕ ಕಥೆ ಎಂದರೆ ಮನಸ್ಸು ಕೆಡಿಸುವ ಕಸ ಎನ್ನಿಸಿತು. ಒಂದಾದ ಮೇಲೊಂದು ಪತ್ರಿಕೆಗಳು ಮುಚ್ಚಿದವು. ಚೆಂಗ್ಡುವಿನ ಪತ್ರಿಕೆಗೆ ಬರುತ್ತಿದ್ದ ದುಡ್ಡೂ ನಿಂತಿತು. ಸಿಬ್ಬಂದಿಯೇ ಸೇರಿ 1984ರಲ್ಲಿ ಯಾಂಗ್ ಷಿಯಾವ್ ಎಂಬ ಹೆಣ್ಣುಮಗಳನ್ನು ಮುಖ್ಯಸ್ಥೆಯಾಗಿ ಆರಿಸಿದರು. ಅವರು ಮಕ್ಕಳ ಪುಸ್ತಕ ಅಚ್ಚು ಹಾಕಿ ಮಾರಿ, ಆ ದುಡ್ಡಿನಲ್ಲಿ ಪತ್ರಿಕೆಯನ್ನು ಉಳಿಸಿಕೊಂಡರು. 1986ರಲ್ಲಿ ಇನ್ನೊಂದು ಪತ್ರಿಕೆಯ ಜೊತೆ ಸೇರಿ 'ಗ್ಯಾಲಕ್ಸಿ' ಪ್ರಶಸ್ತಿ ಶುರು ಮಾಡಿದರು. ಬರೆಯುವವರೇ ಕಡಿಮೆ ಇದ್ದ ಕಾಲದಲ್ಲಿ ಪ್ರಶಸ್ತಿ! ಆದರೆ ಬರೆಯುವವರನ್ನು ಹುಡುಕಿದ್ದೇ ಆ ಪ್ರಶಸ್ತಿ.

ಜಗತ್ತಿನ ವೈಜ್ಞಾನಿಕ ಕಥೆಗಾರರ ಸಮಾವೇಶವನ್ನು ತಮ್ಮ ಊರಿಗೆ ಕರೆತರಬೇಕು ಎಂದು ಯಾಂಗ್ ಷಿಯಾವ್ ಹಟ ಹಿಡಿದರು. 1990ರಲ್ಲಿ ಆ ಸಭೆ ಇದ್ದದ್ದು ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ. ವಿಮಾನಕ್ಕೆ ದುಡ್ಡು ಸಾಲದು. ರೈಲು ಹತ್ತಿ ಎಂಟು ದಿನ ಪ್ರಯಾಣ ಮಾಡಿ ಹೋದರು. ಒಂದು ಪತ್ರಿಕೆಯ ಸಂಪಾದಕಿ, ತನ್ನ ಓದುಗರಿಗೋಸ್ಕರ, ಎಂಟು ದಿನ ರೈಲಿನಲ್ಲಿ. 1991ರಲ್ಲಿ ಸಮಾವೇಶ ಚೆಂಗ್ಡುವಿಗೆ ಬಂತು.

ಆಮೇಲೆ 1999. ಅಲ್ಲಿ ಕಾಲೇಜು ಸೇರಲು ಇಡೀ ದೇಶಕ್ಕೆ ಒಂದು ದೊಡ್ಡ ಪರೀಕ್ಷೆ ಇದೆ. ನಮ್ಮ ಸಿಇಟಿ, ನೀಟ್ ಎರಡನ್ನೂ ಒಟ್ಟಿಗೆ ಕಟ್ಟಿದಷ್ಟು ಭಾರದ ಪರೀಕ್ಷೆ. ಆ ಜುಲೈನಲ್ಲಿ ಪ್ರಬಂಧಕ್ಕೆ ಕೊಟ್ಟ ವಿಷಯ: ನೆನಪನ್ನು ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡುವಂತಾದರೆ? ಅದೇ ತಿಂಗಳ ಪತ್ರಿಕೆಯಲ್ಲಿ ಸಂಪಾದಕ ಅ ಲೈ ಇದೇ ವಿಷಯದ ಮೇಲೆ ಬರೆದಿದ್ದರು. ಅಲ್ಲಿಯವರೆಗೆ ಮಕ್ಕಳು ಪಠ್ಯದೊಳಗೆ ಬಚ್ಚಿಟ್ಟು ಓದುತ್ತಿದ್ದ ಪತ್ರಿಕೆಯನ್ನು ಅಪ್ಪ ಅಮ್ಮಂದಿರೇ ಅಂಗಡಿಗೆ ಹೋಗಿ ಕೊಂಡು ತಂದರು. ಮುಂದಿನ ವರ್ಷದ ಹೊತ್ತಿಗೆ ಪ್ರಸಾರ ಸುಮಾರು 4 ಲಕ್ಷಕ್ಕೆ ಮುಟ್ಟಿತು.

ಪಾಠ ಮಾಡುವವಳಾಗಿ ಆ ಪರೀಕ್ಷೆಯ ಹಾಲ್ ನನ್ನ ಕಣ್ಣಿಗೆ ಕಟ್ಟುತ್ತದೆ. ಪ್ರಶ್ನೆಪತ್ರಿಕೆ ತಿರುಗಿಸಿದ ಒಂದು ಮಗುವಿಗೆ ತಾನು ಗುಟ್ಟಾಗಿ ಪ್ರೀತಿಸಿದ್ದು ಅಲ್ಲಿ ಅಚ್ಚಾಗಿ ಕಂಡಾಗ ಏನನ್ನಿಸಿರಬೇಕು!

ಆ 1999ರಲ್ಲೇ ಶಾನ್‌ಷಿ ಪ್ರಾಂತ್ಯದ ಒಂದು ವಿದ್ಯುತ್ ಸ್ಥಾವರದ ಎಂಜಿನಿಯರ್ ಬರೆದ ಮೊದಲ ಕಥೆಗಳು ಆ ಪತ್ರಿಕೆಯಲ್ಲಿ ಬಂದವು. ಹೆಸರು ಲ್ಯು ತ್ಸಿಶಿನ್. 2006ರಲ್ಲಿ ಅವರ ಕಾದಂಬರಿ ಅಲ್ಲೇ ಧಾರಾವಾಹಿಯಾಯಿತು. 2015ರಲ್ಲಿ ಅದರ ಇಂಗ್ಲಿಷ್ ಅನುವಾದಕ್ಕೆ ಹ್ಯೂಗೋ ಬಂತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಆ ವಿಶ್ವ ಸಮಾವೇಶ 2023ರಲ್ಲಿ ನಡೆದದ್ದು ಚೆಂಗ್ಡುವಿನಲ್ಲಿ. ಬೀಜಿಂಗ್ ಅಲ್ಲ, ಶಾಂಘೈ ಅಲ್ಲ. ಪತ್ರಿಕೆ ಇದ್ದ ಊರಲ್ಲಿ.

ನಮ್ಮ ದೇಶದಲ್ಲೂ ಆಗಿದೆ. ಕೋಲ್ಕತ್ತದಲ್ಲಿ ಅದ್ರೀಶ್ ಬರ್ಧನ್ 1963ರಲ್ಲಿ 'ಆಶ್ಚರ್ಯ' ಎಂಬ ಬಂಗಾಳಿ ಪತ್ರಿಕೆ ತಂದರು. ಭಾರತದಲ್ಲಿ ವೈಜ್ಞಾನಿಕ ಕಥೆಗೇ ಮೀಸಲಾದ ಮೊದಲ ಪತ್ರಿಕೆ ಅದು. ಅದರ ಸುತ್ತ ಸೇರಿದವರು 1966ರಲ್ಲಿ ವೈಜ್ಞಾನಿಕ ಸಿನಿಮಾ ನೋಡುವ ಕ್ಲಬ್ ಕಟ್ಟಿದರು. ಸತ್ಯಜಿತ್ ರಾಯ್ ಅಧ್ಯಕ್ಷರು, ಬರ್ಧನ್ ಕಾರ್ಯದರ್ಶಿ. ಅದೇ ವರ್ಷ ಆಕಾಶವಾಣಿಗಾಗಿ ನಾಲ್ಕು ಜನ ಲೇಖಕರು ಸೇರಿ ಒಂದೇ ಕಥೆಯನ್ನು ಹಂಚಿಕೊಂಡು ಬರೆದರು.

ನಮ್ಮಲ್ಲಿ ಬರೆದವರಿಲ್ಲವೇ? ರಾಜಶೇಖರ ಭೂಸನೂರಮಠರು ದಶಕಗಳ ಕಾಲ ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದರು. 'ಕಸ್ತೂರಿ', 'ಸುಧಾ', 'ಮಯೂರ', 'ತುಷಾರ', 'ತರಂಗ'ಗಳನ್ನು ಓದಿಕೊಂಡು ಬೆಳೆದ ಮನೆಗಳು ನಮ್ಮವು. 'ಬಾಲವಿಜ್ಞಾನ' ನನ್ನ ಕೈಗೆ ಸಿಕ್ಕಿರದಿದ್ದರೆ ನಾನು ಫಿಸಿಕ್ಸ್ ಓದುತ್ತಿರಲಿಲ್ಲ. ಕಥೆಗೆ ನೀವು ಯಾವತ್ತೂ ಜಾಗ ಕೊಟ್ಟಿದ್ದೀರಿ, ದೀಪಾವಳಿ, ಯುಗಾದಿ ವಿಶೇಷಾಂಕಗಳಲ್ಲಿ ಧಾರಾಳವಾಗಿ ಕೊಟ್ಟಿದ್ದೀರಿ. ನಾನು ಕೇಳುತ್ತಿರುವುದು ಕಥೆ ಮುಗಿದ ಮೇಲಿನ ಜಾಗ.

ವರ್ಷಕ್ಕೆ ಎರಡು ಸಲ ವೈಜ್ಞಾನಿಕ ಅಥವಾ ಅದ್ಭುತ ಕಥೆಗಳ ಸಂಚಿಕೆ ಮಾಡಿ. ಅದರ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಓದುಗರಿಗೆ ಬಿಡಿ. "ನಿಮ್ಮ ಕಥೆ ಚೆನ್ನಾಗಿತ್ತು, ಅಭಿನಂದನೆಗಳು" ಅಂತ ಒಂದು ಸಾಲು ಹಾಕುವ ಜಾಗ ಅಲ್ಲ. ಜಗಳವಾಡುವ ಜಾಗ. ಲೆಕ್ಕ ತಪ್ಪಿದೆ ಅಂತ ಹೇಳಲಿ, ಲೇಖಕರು ಉತ್ತರ ಕೊಡಲಿ. ಈಗಿನ ಕಾಲದಲ್ಲಿ ಮಕ್ಕಳ ಮನೆ ವಿಳಾಸ ಹಾಕುವುದು ಸರಿಯಲ್ಲ, ನನಗೂ ಗೊತ್ತು. ಹೆಸರು ಮತ್ತು ಊರು ಸಾಕು. ಅವರಿಗೆ ಯಾರಾದರೂ ಬರೆದರೆ ಆ ಪತ್ರವನ್ನು ನಿಮ್ಮ ಆಫೀಸಿನಿಂದ ಮುಂದಕ್ಕೆ ಕಳಿಸಿಕೊಡಿ. ವರ್ಷದ ಕೊನೆಗೆ ಓದುಗರಿಂದಲೇ ಒಂದು ಕಥೆ ಆರಿಸಿ. ಬಹುಮಾನ ಸಾವಿರ ರೂಪಾಯಿಯೇ ಇರಲಿ.

ಎಲ್ಲಕ್ಕಿಂತ ಮುಖ್ಯ, ಬೇಡದ ಕಥೆಗೆ ಒಂದು ಸಾಲು ಉತ್ತರ ಕೊಡಿ. ಎರಡು ಪುಟ ಕೇಳುತ್ತಿಲ್ಲ. ನಿಮ್ಮ ಆಫೀಸಿನಲ್ಲಿ ಜನ ಎಷ್ಟು ಕಡಿಮೆಯಾಗಿದ್ದಾರೆ, ಕಾಗದದ ಬೆಲೆ ಎಲ್ಲಿಗೆ ಹೋಗಿದೆ ಎಂದು ಹೊರಗಿದ್ದವರಿಗೂ ಕಾಣುತ್ತದೆ. "ಓದಿದೆವು, ಈ ಸಲ ಆಗಲಿಲ್ಲ" ಅಷ್ಟೇ ಸಾಕು.

ಇನ್ನೊಂದು ಭಯ ನಿಮಗಿರಬಹುದು. ಬಾಗಿಲು ತೆರೆದರೆ ಮೆಷಿನ್, ಅಂದರೆ ಎಐ, ಬರೆದ ಕಥೆಗಳು ರಾಶಿ ಬೀಳುತ್ತವೆ ಅಂತ. ಇದು ಸುಳ್ಳು ಭಯ ಅಲ್ಲ. ನೀಲ್ ಕ್ಲಾರ್ಕ್ 2006ರಿಂದ ನಡೆಸುತ್ತಿರುವ 'ಕ್ಲಾರ್ಕ್ಸ್‌ವರ್ಲ್ಡ್' ಪತ್ರಿಕೆಗೆ 2023ರ ಫೆಬ್ರವರಿಯಲ್ಲಿ ಇದೇ ಆಯಿತು. 20ನೇ ತಾರೀಖಿನ ಹೊತ್ತಿಗೆ ಆ ಒಂದೇ ತಿಂಗಳಲ್ಲಿ ಮೆಷಿನ್ ಬರೆದ 500ರಷ್ಟು ಕಥೆಗಳು ಬಂದು ಬಿದ್ದಿದ್ದವು. ಕಥೆ ತೆಗೆದುಕೊಳ್ಳುವುದನ್ನೇ ಅವರು ನಿಲ್ಲಿಸಬೇಕಾಯಿತು. ಆಗ ಅವರಿಗೆ ಸುಲಭದ ದಾರಿಗಳಿದ್ದವು. ಗೊತ್ತಿರುವ ಲೇಖಕರಿಂದ ಮಾತ್ರ ಕಥೆ ತೆಗೆದುಕೊಳ್ಳಬಹುದಿತ್ತು. ಕಥೆ ಕಳಿಸಲು ದುಡ್ಡು ಕೇಳಬಹುದಿತ್ತು. ಕೆಲವು ದೇಶಗಳನ್ನೇ ಹೊರಗಿಡಬಹುದಿತ್ತು. ಹಾಗೆ ಮಾಡಿದರೆ ಹೊಸಬರು, ಬಡವರು, ದೂರದವರು ಹೊರಗೆ ಉಳಿಯುತ್ತಾರೆ ಎಂದು ಅವರು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಎಲ್ಲರಿಗೂ ತೆರೆದರು.

ಆ ನಿರ್ಧಾರದ ಬೆಲೆ ಅವರಿಗೆ ಗೊತ್ತಿತ್ತು. ಪ್ರತಿ ಕಥೆಯನ್ನೂ ಯಾರೋ ಒಬ್ಬರು ಕೂತು ನೋಡಬೇಕು. ಅಂಥ ಕೆಲಸ ಬರೀ ದುಡ್ಡಿನಿಂದ ನಡೆಯುವುದಿಲ್ಲ. 2000ದಲ್ಲಿ ಶ್ರೀಲಂಕಾ ಮೂಲದ ಮೇರಿ ಆನ್ ಮೋಹನ್‌ರಾಜ್ ಶುರು ಮಾಡಿದ 'ಸ್ಟ್ರೇಂಜ್ ಹೊರೈಜನ್ಸ್' ವಾರಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಸಂಬಳ ಇಲ್ಲ. ಲೇಖಕರಿಗೆ ಮಾತ್ರ ಸಂಭಾವನೆ ಇದೆ. ಓದುಗರು ಕೊಡುವ ದೇಣಿಗೆಯಿಂದ ಅದು ನಡೆದುಕೊಂಡು ಬಂದಿದೆ. ನಮ್ಮ ದೇಶದ ಕಥೆಗಾರ್ತಿ ವಂದನಾ ಸಿಂಗ್ ಅಲ್ಲಿ ಬರೆದಿದ್ದಾರೆ. 2024ರಲ್ಲಿ ಆ ಪತ್ರಿಕೆಗೆ ಹ್ಯೂಗೋ ಬಂತು. ನಿಮಗೆ ಬಂದ ಕಥೆಗಳನ್ನು ಮೊದಲು ಓದಿ ಆರಿಸಿಕೊಡಲು ಸಂಬಳವಿಲ್ಲದೆ ಕೂರುವವರು ಕನ್ನಡದಲ್ಲೂ ಸಿಗುತ್ತಾರೆ. ಹತ್ತು ಜನ ಬೇಕೆಂದರೆ ಅದರಲ್ಲಿ ನಾನೊಬ್ಬಳು. ಭಾನುವಾರ ಮಧ್ಯಾಹ್ನ ಕೊಡುತ್ತೇನೆ, ಪ್ರತಿ ವಾರ.

ಓದುಗರಿಗೂ ಒಂದು ಮಾತು, ಇದು ಬಹಿರಂಗ ಪತ್ರ ಆದ್ದರಿಂದ. ಚಂದಾ ಕಟ್ಟಿ. ಕಥೆ ಹಿಡಿಸಿದರೆ ಫೋನಿನಲ್ಲಿ ಹೆಬ್ಬೆರಳು ಒತ್ತಿ ಮುಂದೆ ಹೋಗಬೇಡಿ, ಕೂತು ಹತ್ತು ಸಾಲು ಬರೆಯಿರಿ. ಬರೆಯುವವರೇ ಇಲ್ಲದಿದ್ದರೆ ಸಂಪಾದಕರು ಆ ಎರಡು ಪುಟಕ್ಕೆ ಏನು ಹಾಕಬೇಕು?

ಸಂಪಾದಕರೇ, ಹಿನ್ನೀರಿನ ಕಥೆಯನ್ನು ನಾನು ಮತ್ತೆ ಬರೆದಿದ್ದೇನೆ. ಕೊನೆ ಬದಲಾಗಿದೆ, 22 ಪುಟ 16ಕ್ಕೆ ಇಳಿದಿದೆ. ಸೋಮವಾರ ಅಂಚೆಗೆ ಹಾಕುತ್ತೇನೆ. ಅದೇ ಕವರಿನಲ್ಲಿ ಒಂದು ನೋಟ್‌ಬುಕ್ ಹಾಳೆಯೂ ಇರುತ್ತದೆ, ದಯವಿಟ್ಟು ಅದನ್ನು ಕಥೆಯ ಜೊತೆ ಸೇರಿಸಿ ಪಕ್ಕಕ್ಕೆ ಇಡಬೇಡಿ. ಅದು ನನ್ನ ವಿದ್ಯಾರ್ಥಿಯದು. ಆ ಹಳೆಯ ಸಂಚಿಕೆಯ ಕಥೆಯಲ್ಲಿ ಬೆಳಕಿನ ವೇಗದ ಲೆಕ್ಕ ಒಂದು ಕಡೆ ತಪ್ಪಿದೆಯಂತೆ. ಎರಡೂ ಮಗ್ಗುಲು ಬರೆದಿದ್ದಾನೆ. ಕೆಳಗೆ ಹೆಸರು, ಅದರ ಕೆಳಗೆ ಊರು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಹಳೆಯ ಓದುಗಿ
ಹಾಸನ